ಮಾಜೂರ ಅಲ್ಲ, ಮಜೂರ

೧೯೫೨ನೇ ಇಸವಿ ಜೂನ್ ೧೬, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಶಹಾಬಾದ್ ಸ್ಟೇಷನ್ನಿನಿಂದ ಹೊರಗೆ ಬಂದು ಹತ್ತು ಹೆಜ್ಜೆ ನಡೆದವನು ನಿಂತುಬಿಟ್ಟೆ. ಯಾರೋ ಬೆನ್ನ ಹಿಂದೆಯೇ ಬರುತ್ತಿದ್ದಾರೆ ಅನ್ನಿಸಿತು. ನಾನು ನಿಂತರೆ ಅವರೂ ನಿಲ್ಲುತ್ತಿದ್ದರು. ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಮತ್ತೆ ನಡೆದೆ: ಟಕ್, ಸರ್, ಟಕ್, ಸರ್. ಆ ಸದ್ದು ನನ್ನದೇ. ಟಕ್ ಅನ್ನುವುದು ಊರುಗೋಲು, ಸರ್ ಅನ್ನುವುದು ಎಳೆದುಕೊಂಡು ಬರುವ ಎಡಗಾಲು. ಇಪ್ಪತ್ತೆರಡು ವರ್ಷಗಳಲ್ಲಿ ನಾನು ನಡೆಯುವ ಸದ್ದನ್ನು ನಾನೇ ಕೇಳಿದ್ದು ಅದೇ ಮೊದಲು.

ನಮ್ಮ ಚಿಂಚೋಳಿ ಕಡೆಯ ಎರೆಮಣ್ಣು ಸದ್ದನ್ನು ನುಂಗುತ್ತದೆ. ಮಳೆಗಾಲದಲ್ಲಿ ಊರುಗೋಲನ್ನೂ ನುಂಗುತ್ತದೆ. ಒಂದು ಗೇಣು ಹೂತ ಕೋಲನ್ನು ಕೀಳುವಷ್ಟರಲ್ಲಿ ಜೊತೆಯವರು ಹೊಲ ದಾಟಿರುತ್ತಾರೆ. ಇಲ್ಲಿ ಎಲ್ಲವೂ ಕಲ್ಲು. ದಾರಿಗೆ ಕಲ್ಲು, ಮಾಡಿಗೆ ಕಲ್ಲು, ಹೊಲದ ಬೇಲಿಗೆ ನಿಲ್ಲಿಸಿದ ಕಲ್ಲು, ನೀರಿನ ಕೊಡದ ಮುಚ್ಚಳವೂ ಕಲ್ಲು. ನೆಲದಿಂದ ಹಪ್ಪಳದ ಹಾಗೆ ಪದರು ಪದರಾಗಿ ಏಳುವ ಈ ಚಪ್ಪಡಿಗೆ ಇಲ್ಲಿನವರು ಫರಸಿ ಅನ್ನುತ್ತಾರೆ. ಊರುಗೋಲಿಗೆ ಇಂಥ ನೆಲ ಬೇಕು. ಆದರೆ ಇಂಥ ನೆಲದ ಮೇಲೆ ಕದ್ದು ನಡೆಯಲಾಗದು. ನಾನು ಬರುವುದು ಇಡೀ ಓಣಿಗೆ ಗೊತ್ತಾಗುತ್ತದೆ. ಮೊದಲ ದಿನ ಅದಕ್ಕೆ ನಾಚಿದೆ. ಈಗ ನಾಚುವುದಿಲ್ಲ. ಇದನ್ನು ಬರೆಯುತ್ತಿರುವುದು ನವೆಂಬರ್ ೯, ಭಾನುವಾರ. ನಡುವಿನ ನೂರನಲವತ್ತಾರು ದಿನಗಳಲ್ಲಿ ಏನಾಯಿತು ಎಂಬುದನ್ನು ಚಿಂಚೋಳಿ, ಚಂದಾಪುರದ ಓದುಗರಿಗೆ ತಿಳಿಸುವುದು ನನ್ನ ಉದ್ದೇಶ. ಯಾಕೆಂದರೆ ನನ್ನ ಬಗ್ಗೆ ಅಲ್ಲಿ ಮೂರು ಸುದ್ದಿ ಹಬ್ಬಿವೆಯಂತೆ: ಭಿಕ್ಷೆ ಬೇಡುತ್ತಿದ್ದೇನೆ, ಜಾತಿ ಕೆಟ್ಟಿದ್ದೇನೆ, ಸತ್ತಿದ್ದೇನೆ. ಮೂರೂ ಸುಳ್ಳು.

ನನ್ನ ಹೆಸರು ಶಿವಶರಣಪ್ಪ. ನಾಲ್ಕನೆಯ ವಯಸ್ಸಿನಲ್ಲಿ ಜ್ವರ ಬಂದು ಎಡಗಾಲು ಸೊರಗಿತು. ಶಾಲೆ ಚಿಂಚೋಳಿಯಲ್ಲಿತ್ತು, ಅಣ್ಣ ಬಸಣ್ಣ ನಡೆದು ಹೋಗಿ ಆಗಿನ ಪದ್ಧತಿಯಂತೆ ಉರ್ದುವಿನಲ್ಲಿ ಕಲಿತ. ನನಗೆ ಊರ ಮಠದ ಐಗಳು ಮನೆಗೆ ಬಂದು ಕನ್ನಡ ಅಕ್ಷರ ಕಲಿಸಿದರು. ಹಾಗಾಗಿ ನನಗೆ ಕನ್ನಡ ಬರುತ್ತಿತ್ತು, ಕಚೇರಿಯ ಭಾಷೆ ಬರುತ್ತಿರಲಿಲ್ಲ. ಮುಂದೆ ಆದದ್ದಕ್ಕೆಲ್ಲ ಇದೇ ಮೂಲ.

ದಿನಚರಿ ಬರೆಯುವ ಅಭ್ಯಾಸವಾದದ್ದೂ ಕಾಲಿನಿಂದಲೇ. ಬಿತ್ತನೆಗೆ ಕೂರಿಗೆ ಹೊರಡುವ ದಿನ ಎದುರಿಗೆ ಕುಂಟ ಬರಬಾರದು ಎಂದು ನನ್ನನ್ನು ಮೇವಿನ ಕೋಣೆಯಲ್ಲಿ ಕೂರಿಸಿ ಅಗಳಿ ಹಾಕುತ್ತಿದ್ದರು. ಬೈದು ಕೂರಿಸುತ್ತಿರಲಿಲ್ಲ. ಕೈಗೆ ಬೆಲ್ಲ ಕೊಟ್ಟು ಕೂರಿಸುತ್ತಿದ್ದರು. ಒಳಗೆ ಕುಳಿತು ಗೋಡೆಯ ಮೇಲೆ ಇದ್ದಿಲಿನಿಂದ ಗೀರು ಹಾಕುತ್ತಿದ್ದೆ. ಹದಿನೇಳು ಬಿತ್ತನೆ, ಹದಿನೇಳು ಗೀರು. ಮದುವೆಯ ದಿಬ್ಬಣಗಳು ಬೇರೆ, ಅವು ಒಂಬತ್ತು.

ಕೆಲಸ ಬರುವುದಿಲ್ಲ ಎಂದಲ್ಲ. ಕೂತಲ್ಲೇ ಉಳಿ, ಸುತ್ತಿಗೆ ಹಿಡಿದು ಓಣಿಯ ಬೀಸುವ ಕಲ್ಲುಗಳನ್ನೆಲ್ಲ ಕಟೆದು ಕೊಡುತ್ತಿದ್ದೆ. ಅದನ್ನು ಕೆಲಸ ಎಂದು ಯಾರೂ ಕರೆಯಲಿಲ್ಲ. "ಪಾಪ, ಹೊತ್ತು ಹೋಗ್ಬೇಕಲ್ಲ" ಎಂದರು. ಕಾಯಕದ ಮಾತು ದಿನವೂ ಕಿವಿಗೆ ಬೀಳುವ ಮನೆಯಲ್ಲಿ ನನಗೊಬ್ಬನಿಗೆ ಕಾಯಕ ಮಾಫಿಯಾಗಿತ್ತು. ಈ ವರ್ಷ ಅಣ್ಣ ಒಂದು ಏರ್ಪಾಡು ಮಾಡಿದ. ಮಠದ ಬಾಗಿಲ ಬಳಿಯ ಕಟ್ಟೆಯ ಮೇಲೆ ನನಗೊಂದು ಖಾಯಂ ಜಾಗ, ಎರಡು ಹೊತ್ತು ಊಟ.

"ಕುಂತು ಉಣ್ಣು ತಮ್ಮಾ, ನಾ ಸತ್ರೂ ನಿನಗ ಯಾರೂ ಏಳು ಅನ್ನಂಗಿಲ್ಲ" ಎಂದ.

"ಏಳು ಅಂತ ಯಾರೂ ಅನ್ನಂಗಿಲ್ಲ, ಅದಕ್ಕೇ ಅಂಜಿಕಿ ಅಣ್ಣಾ" ಎಂದೆ. ಶಹಾಬಾದಿಗೆ ಹೋಗಿ ಕಲ್ಲಿನ ಕೆಲಸ ಹಿಡಿಯುತ್ತೇನೆ ಎಂದೆ, ಮೂರು ದಿನ ಜಗಳವಾಯಿತು. ಕೊನೆಗೆ ಅಣ್ಣನೇ ಕರಾರು ಹಾಕಿದ: "ದೀಪಾವಳಿ ಅಮಾಸಿಗೆ ನಾ ಅಲ್ಲಿಗೇ ಬರ್ತೀನಿ. ಹಾಜರಿ ಪುಸ್ತಕದಾಗ ನಿನ್ನ ಹೆಸರು ಮಜೂರಂತ ಇದ್ರ ಅಲ್ಲೇ ಇರು. ಇಲ್ಲಂದ್ರ ಬಾಯಿ ಮುಚ್ಚಿ ನನ್ನ ಸಂಗಟ ಬರಬೇಕು, ಕಟ್ಟಿ ಮ್ಯಾಲ ಕುಂದ್ರಬೇಕು." ಒಪ್ಪಿದೆ. ದಿನಚರಿಯಲ್ಲಿ ಬರೆದುಕೊಂಡೆ: ಮಜೂರ, ಅಂದರೆ ದುಡಿಯುವ ಕೂಲಿಗಾರ, ಆಗಲು ಗಡುವು ಅಕ್ಟೋಬರ್ ೧೮, ಶನಿವಾರ.

ಚಿಂಚೋಳಿಗೆ ರೈಲಿಲ್ಲ. ತಾಂಡೂರಿನವರೆಗೆ ಬಂಡಿ, ಅಲ್ಲಿಂದ ರೈಲು. ಸೇಡಂ ಬಂದಾಗ ಎದುರಿಗೆ ಕುಳಿತಿದ್ದವರು ಎದ್ದು ಬೇರೆ ಡಬ್ಬಿಗೆ ಹೋದರು, ಮಗಳ ನಿಶ್ಚಯಕ್ಕೆ ಹೊರಟಿದ್ದರಂತೆ. ಚಿತ್ತಾಪುರದಲ್ಲಿ ಒಬ್ಬ ವಕೀಲರ ಗುಮಾಸ್ತ ನನ್ನ ಪಕ್ಕದವರನ್ನು "ಈತಗ ಎಲ್ಲಿ ಇಳೀಬೇಕಂತ ಗೊತ್ತದ ಏನ್ರಿ?" ಎಂದು ಕೇಳಿದ. ನಾನು ಆತನಿಗೂ ಪಕ್ಕದವರಿಗೂ ನಡುವೆಯೇ ಕುಳಿತಿದ್ದೆ. ವಾಡಿಯಲ್ಲಿ ಇಳಿದು ಬೊಂಬಾಯಿ ಕಡೆಯ ಗಾಡಿಗೆ ಎರಡು ತಾಸು ಕಾಯಬೇಕಾಯಿತು. ಅಷ್ಟರಲ್ಲಿ ಇಬ್ಬರು ನನ್ನ ಮಡಿಲಿಗೆ ಬಾಳೆಹಣ್ಣು ಹಾಕಿ ಕೈಮುಗಿದು ಹೋದರು. ಮೊದಲಿನ ಹಣ್ಣನ್ನು ಓಡಿ ಹಿಂದಿರುಗಿಸಲು ಕಾಲಿರಲಿಲ್ಲ. ಎರಡನೆಯದನ್ನು ತಿಂದೆ, ಹಸಿವಾಗಿತ್ತು.

ಶಹಾಬಾದಿನಲ್ಲಿ ನಾಲ್ಕು ದಿನ ಸ್ಟೇಷನ್ನಿನ ಮುಸಾಫಿರಖಾನೆಯಲ್ಲಿ ಮಲಗಿ, ಹಗಲೆಲ್ಲ ಬಾಡಿಗೆ ಕೋಣೆ ಹುಡುಕಿದೆ. ದಿನಚರಿಯ ಲೆಕ್ಕ ಹೀಗಿದೆ. ಕೇಳಿದ ಮನೆ ಹದಿನಾಲ್ಕು, ಇಲ್ಲವೆಂದದ್ದು ಹದಿಮೂರು. "ಮೆಟ್ಟಿಲು ಭಾಳ ಅವ" ಎಂದವರು ಐವರು. ಅದರಲ್ಲಿ ಎರಡು ಮನೆಗೆ ಮೆಟ್ಟಿಲೇ ಇರಲಿಲ್ಲ. "ನಿನ್ನ ನೋಡಿಕೊಳ್ಳೋರು ಯಾರು?" ಎಂದವರು ಮೂವರು. ಬೆಳಿಗ್ಗೆ ಎದ್ದರೆ ನನ್ನ ಮುಖ ನೋಡಬೇಕಲ್ಲ ಎಂದು ನೇರವಾಗಿ ಹೇಳಿದವರು ನಾಲ್ವರು. ಒಬ್ಬರು ಬಾಗಿಲು ತೆರೆಯಲಿಲ್ಲ, ಊರುಗೋಲಿನ ಸದ್ದು ಕೇಳಿ ಒಳಗಿನಿಂದಲೇ "ಮುಂದ ಹೋಗಪ್ಪಾ" ಎಂದರು. ನಮ್ಮೂರಿನಲ್ಲಿ ಕರುಣೆ ಅಡ್ಡ ಬರುತ್ತಿತ್ತು. ಇಲ್ಲಿ ಕರುಣೆಯೂ ಇಲ್ಲ. ಆದರೆ ಒಂದು ಲಾಭ ಕಂಡೆ. ಕರುಣೆಯ ಜೊತೆ ಜಗಳ ಮಾಡುವುದು ಕಷ್ಟ, ಇದರ ಜೊತೆ ಸುಲಭ.

ಹದಿನಾಲ್ಕನೆಯ ಮನೆ ಹಲೀಮಾಬಿ ಅವರದು. ಐವತ್ತು ದಾಟಿದ ವಿಧವೆ, ಓಣಿಯ ಹೆಣ್ಣುಮಕ್ಕಳಿಗೆ ಕುರಾನಿನ ಅಕ್ಷರ ಓದಿಸುತ್ತಾರೆ. ನಾಲ್ಕು ವರ್ಷದ ಹಿಂದಿನ ಪೊಲೀಸ್ ಕಾರ್ಯಾಚರಣೆಯ ಗದ್ದಲದ ನಂತರ ಆ ಮನೆಯಲ್ಲಿ ಉಳಿದವರು ಅವರೊಬ್ಬರೇ. ಅದರ ಬಗ್ಗೆ ಅವರು ಮಾತಾಡುವುದಿಲ್ಲ, ನಾನು ಕೇಳುವುದಿಲ್ಲ. ಅವರು ನನ್ನ ಕಾಲು ನೋಡಿದರು, ಕೋಲು ನೋಡಿದರು, ಆಮೇಲೆ ಕೇಳಿದರು:

"ಬೀಡಿ ಸೇದ್ತಿಯೇನು?"

"ಇಲ್ಲರಿ."

"ಹಾಡ್ತಿಯೇನು?"

"ಇಲ್ಲರಿ."

"ಹಂಗಾದ್ರ ಬಾ ಬೇಟಾ. ಮೊದಲಿನಾಂವ ಎರಡೂ ಮಾಡ್ತಿದ್ದ."

ಅವರನ್ನು ನಾನು ಖಾಲಾ ಅನ್ನುತ್ತೇನೆ, ಅಂದರೆ ಚಿಕ್ಕಮ್ಮ. ನನ್ನ ಕೋಣೆಗೆ ರಸ್ತೆಯ ಕಡೆಗೇ ಬಾಗಿಲು. ಒಲೆ ಬೇರೆ, ನೀರಿನ ಕೊಡ ಬೇರೆ. ಜಾತಿ ಕೆಟ್ಟಿತು ಎನ್ನುವವರು ಇದನ್ನು ಗಮನಿಸಬೇಕು. ಕೆಟ್ಟದ್ದು ನನ್ನ ಮೊದಲ ಹನ್ನೊಂದು ರೊಟ್ಟಿ ಮಾತ್ರ. ಊರಿನಲ್ಲಿ ಅತ್ತಿಗೆ ಒಲೆಯ ಹತ್ತಿರ ನನ್ನನ್ನು ಬಿಟ್ಟುಕೊಂಡವಳಲ್ಲ, ಸುಟ್ಟುಕೊಂಡೇನು ಎಂಬ ಭಯ. ಇಲ್ಲಿ ಸುಟ್ಟುಕೊಂಡೆ, ಎರಡು ಸಲ. ಜೂನ್ ೨೨ರಂದು ಹನ್ನೆರಡನೆಯ ರೊಟ್ಟಿ ಉಬ್ಬಿತು. ನೆಲದ ಮೇಲೆ ಕುಳಿತು ಮಾಡುವ ಕೆಲಸಕ್ಕೆ ಎಡಗಾಲು ಏನು ಅಡ್ಡಿ ಮಾಡಿತು ಎಂದು ಇಷ್ಟು ವರ್ಷ ಯಾರೂ ಯೋಚಿಸಲಿಲ್ಲವಲ್ಲ, ನಾನೂ ಯೋಚಿಸಲಿಲ್ಲವಲ್ಲ ಎಂದು ರೊಟ್ಟಿ ಹಿಡಿದು ತುಂಬಾ ಹೊತ್ತು ಕುಳಿತಿದ್ದೆ.

ಮರುದಿನ, ಜೂನ್ ೨೩, ಸೋಮವಾರ, ಒಬ್ಬ ಗುತ್ತಿಗೆದಾರರ ಕಲ್ಲಿನ ಖಣಿಗೆ ಹೋದೆ. ಅಲ್ಲಿ ಚಪ್ಪಡಿ ಎಬ್ಬಿಸುವುದು ನಿಂತು ಮಾಡುವ ಕೆಲಸ. ಎಬ್ಬಿಸಿದ ಚಪ್ಪಡಿಗೆ ಅಂಚು ಕಡಿದು ಮೂಲೆ ಸರಿ ಮಾಡುವುದು ಛಪ್ಪರದ ಕೆಳಗೆ ಕುಳಿತು ಮಾಡುವ ಕೆಲಸ. ಎರಡನೆಯದು ನನಗಾಗಿಯೇ ಇದ್ದಂತಿತ್ತು. ಹಾಜರಿ ಪುಸ್ತಕದ ಮುನ್ಶಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದ. ಪುಸ್ತಕವೆಲ್ಲ ಉರ್ದುವಿನಲ್ಲಿ. ಆತ ಕೇಳಿದ:

"ಮಾಜೂರ್ ಇದ್ದಿಯೇನು?"

"ಹೌದ್ರಿ ಸಾಹೇಬ್ರ, ಮಜೂರ" ಎಂದೆ.

ಮುನ್ಶಿ ಸ್ವಲ್ಪ ಬೆರಗಾದ. "ಹುಟ್ಟಿನಿಂದಾ?"

"ಹುಟ್ಟಿನಿಂದ ಹೆಂಗಾಗ್ತದರಿ? ಈಗ ಹತ್ತು ವರ್ಷದಿಂದ. ಪಕ್ಕಾ ಮಜೂರ್ರಿ. ಹಂಗೇ ಬರೀರಿ."

"ಇಷ್ಟು ಖುಷಿಲೆ ಹೇಳೋನ ನಾ ಇವತ್ತೇ ನೋಡಿದ್ದು" ಎಂದು ಮುನ್ಶಿ ಬರೆದುಕೊಂಡ. ಬಲದಿಂದ ಎಡಕ್ಕೆ ಸಾಗುವ ಆ ಲೇಖನಿಯನ್ನು ನೋಡಿ ನನ್ನ ಕಣ್ಣು ತುಂಬಿತು. ಮನೆಗೆ ಬಂದು ದಿನಚರಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ಮಜೂರ. ಗಡುವಿಗೆ ಇನ್ನೂ ನೂರಹದಿನೇಳು ದಿನ ಇರುವಾಗಲೇ ಗೆದ್ದೆ ಎಂದು ಅಣ್ಣನಿಗೆ ಕಾರ್ಡು ಹಾಕಿದೆ.

ಛಪ್ಪರದ ಕೆಳಗೆ ನನ್ನ ಪಕ್ಕದಲ್ಲಿ ಕೂರುತ್ತಿದ್ದವನು ಹಣಮಂತ. ಇಪ್ಪತ್ತಮೂರು ಮಂದಿಯ ತಂಡಕ್ಕೆ ಹಿರಿಯ. ಗುಣ್ಯಾ, ಅಂದರೆ ಮೂಲೆಮಟ್ಟ, ಇಟ್ಟು ನೋಡುವುದನ್ನು ಅವನೇ ಕಲಿಸಿದ. ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ "ಏ ಚಿಂಚೋಳಿ, ನಿನ್ನ ಕಲ್ಲಿನಾಗ ಕಿಟಕಿ ಅದ ನೋಡು" ಎನ್ನುತ್ತಿದ್ದ. ನನ್ನನ್ನು ಜನ ಏನೆಂದು ಕರೆಯುತ್ತಾರೆ ಎಂಬುದಕ್ಕೂ ಲೆಕ್ಕ ಇಟ್ಟಿದ್ದೆ. ಮೊದಲ ವಾರ: ಲಂಗಡ್ಯಾ, ಅಂದರೂ ಕುಂಟನೇ, ನಲವತ್ತೊಂದು ಸಲ, ಕುಂಟ ಇಪ್ಪತ್ತಾರು, ಚಿಂಚೋಳಿ ನಾಲ್ಕು, ಹೆಸರು ಒಂದೂ ಇಲ್ಲ. ಆರನೆಯ ವಾರದ ಹೊತ್ತಿಗೆ ಚಿಂಚೋಳಿ ಎಂಬುದು ಲಂಗಡ್ಯಾನನ್ನು ಹಿಂದೆ ಹಾಕಿತ್ತು. ಊರು ಬಿಟ್ಟು ಬಂದ ಮೇಲೆ ಊರೇ ನನ್ನ ಹೆಸರಾದದ್ದು ವಿಚಿತ್ರ.

ಶುಕ್ರವಾರ ಶುಕ್ರವಾರ ಮುನ್ಶಿ ನನಗೆ ಜೋಳ ಅಳೆದು ಕೊಡುತ್ತಿದ್ದ. ಬೇರೆಯವರಿಗೆ ಶನಿವಾರ ಪಗಾರ. ನನ್ನ ಜೊತೆ ಜೋಳಕ್ಕೆ ಬರುತ್ತಿದ್ದವರು ಇಬ್ಬರೇ: ಕಣ್ಣಿಲ್ಲದ ಒಬ್ಬ ಮುದುಕ, ಮತ್ತು ಇದೇ ಖಣಿಯಲ್ಲಿ ಚಪ್ಪಡಿ ಬಿದ್ದು ಬಲಗೈ ಕಳೆದುಕೊಂಡ ಗಂಗಮ್ಮ. ಹಣಮಂತನನ್ನು ಕೇಳಿದೆ. "ಹೊಸಬರಿಗೆ ಹಂಗೇ ಇರ್ತದೇನೋ" ಎಂದು ಸುತ್ತಿಗೆ ಎತ್ತಿಕೊಂಡ. ಗಂಗಮ್ಮ ಹೊಸಬಳಲ್ಲ ಎಂಬುದು ನನಗೆ ಆಗಲೇ ಹೊಳೆಯಬೇಕಿತ್ತು.

ಜುಲೈಯಿಂದ ಖಾಲಾ ನನಗೆ ಉರ್ದು ಅಕ್ಷರ ಕಲಿಸತೊಡಗಿದರು. ಅದಕ್ಕೆ ಪ್ರತಿಯಾಗಿ ಅವರ ಬೀಸುವ ಕಲ್ಲನ್ನು ಕಟೆದುಕೊಟ್ಟೆ. ಅಕ್ಷರಗಳು ಬಂದ ಮೇಲೆ ಮೊದಲು ಯಾವ ಪದ ಬರೆಯುತ್ತೀ ಎಂದು ಕೇಳಿದರು. "ಮಜೂರ" ಎಂದೆ. ಅವರು ನಕ್ಕು, "ಅದು ಮಜ್‌ದೂರ್ ಬೇಟಾ, ನಿಮ್ಮ ಬಾಯಾಗ ಸವೆದು ಮಜೂರ ಆಗ್ಯದ" ಎಂದು ಹಲಗೆಯ ಮೇಲೆ ಬರೆದು ತೋರಿಸಿದರು. ಐದು ಅಕ್ಷರ. ಎರಡನೆಯದರ ತಲೆಯ ಮೇಲೆ ಒಂದು ಚುಕ್ಕಿ. ಅದಕ್ಕೆ ನುಕ್ತಾ ಅನ್ನುತ್ತಾರೆ. ಮೂರನೆಯದರ ತಲೆ ಬೋಳು. ನೂರು ಸಲ ಬರೆದು ಕಲಿತೆ. ಅದೇ ಪದವನ್ನು ಹಾಜರಿ ಪುಸ್ತಕದಲ್ಲಿ ನನ್ನ ಸಾಲಿನಲ್ಲಿ ಒಮ್ಮೆ ಓದಬೇಕು ಎಂಬ ಆಸೆ ಹುಟ್ಟಿತು.

ಸೆಪ್ಟೆಂಬರ್ ೮, ಸೋಮವಾರ, ಮಧ್ಯಾಹ್ನ ಒಂದು ಗಂಟೆ. ಮುನ್ಶಿ ಉಣ್ಣಲು ಕುಳಿತಿದ್ದ, ಪುಸ್ತಕ ತೆರೆದಿತ್ತು. ನನ್ನ ಹೆಸರು ಹುಡುಕಿದೆ, ಸಿಕ್ಕಿತು. ಪುಟದ ಕೊನೆಯಲ್ಲಿ, ಒಂದು ಗೆರೆಯ ಕೆಳಗೆ, ಬೇರೆ ಬರೆದ ಮೂರು ಹೆಸರುಗಳಲ್ಲಿ ಒಂದಾಗಿ. ಮುಂದಿನ ಪದಕ್ಕೂ ಐದೇ ಅಕ್ಷರ. ಮೊದಲನೆಯದು ಸರಿ, ಕೊನೆಯ ಎರಡು ಸರಿ. ಆದರೆ ಎರಡನೆಯ ಅಕ್ಷರ ಬೇರೆ ಆಕಾರದ್ದು, ಅದರ ತಲೆ ಬೋಳು. ಚುಕ್ಕಿ ಒಂದು ಮನೆ ಸರಿದು ಮೂರನೆಯದರ ಮೇಲೆ ಕುಳಿತಿತ್ತು. ಮುನ್ಶಿ ಕೈತಪ್ಪಿ ಬರೆದಿದ್ದಾನೆ ಎಂದುಕೊಂಡೆ. ಕಂಡದ್ದನ್ನು ಕಂಡಂತೆ ದಿನಚರಿಯಲ್ಲಿ ನಕಲು ಮಾಡಿಕೊಂಡು ಸಂಜೆ ಖಾಲಾಗೆ ತೋರಿಸಿದೆ.

ಅವರು ದಿನಚರಿಯನ್ನು ದೀಪದ ಹತ್ತಿರ ಹಿಡಿದು ಅಕ್ಷರ ಅಕ್ಷರವಾಗಿ ಓದಿದರು.

"ಇದು ತಪ್ಪಲ್ಲ ಬೇಟಾ. ಬ್ಯಾರೆ ಲಫ್ಜ್, ಬ್ಯಾರೆ ಶಬ್ದ. ಮಾಜೂರ್."

"ಅಂದ್ರ?"

"ಅಂದ್ರ... ಕೈಲಾಗದಾಂವ. ಕೆಲಸದಿಂದ ಮಾಫಿ ಸಿಕ್ಕಾಂವ."

ಕನ್ನಡದ ಕಿವಿಗೆ ಎರಡೂ ಒಂದೇ. ನಾನು ಮುನ್ಶಿಯ ಎದುರು ಎದೆ ತಟ್ಟಿಕೊಂಡು, ಪಕ್ಕಾ ಕೈಲಾಗದವನು, ಹಾಗೇ ಬರೆಯಿರಿ ಎಂದಿದ್ದೆ. ಆ ಜೋಳ ಗುತ್ತಿಗೆದಾರರು ತೀರಿಕೊಂಡ ತಮ್ಮ ತಂದೆಯ ಹೆಸರಿನಲ್ಲಿ ಕೊಡುವ ದಾನ. ಹನ್ನೊಂದು ವಾರ, ಅರವತ್ತನಾಲ್ಕು ದಿನ, ಐನೂರ ಎಪ್ಪತ್ತೊಂದು ಚಪ್ಪಡಿ, ಅದರಲ್ಲಿ ಒಡೆದದ್ದು ಹದಿನಾಲ್ಕು. ನಾನು ಊರ ಮಠದ ಕಟ್ಟೆಯಿಂದ ಓಡಿ ಬಂದು ಶಹಾಬಾದಿನ ಕಟ್ಟೆಯ ಮೇಲೆ ಕುಳಿತಿದ್ದೆ. ಒಂದೇ ವ್ಯತ್ಯಾಸ: ಆ ಕಟ್ಟೆಯ ಮೇಲೆ ಕಲ್ಲು ಕಡಿಯಬೇಕಾಗಿರಲಿಲ್ಲ.

ಮರುದಿನ ಮೊದಲು ಹಣಮಂತನನ್ನು ಕೇಳಿದೆ: "ನನ್ನ ಕಲ್ಲು ಯಾರ ಲೆಕ್ಕಕ್ಕ ಬೀಳ್ತಾವ?"

ಅವನು ತಲೆ ಎತ್ತಲಿಲ್ಲ. "ನಮ್ಮ ತಂಡದ ಲೆಕ್ಕಕ್ಕ."

"ನಿನಗ ಗೊತ್ತಿತ್ತಾ?"

"ಮೊದಲನೇ ವಾರದಿಂದ. ನೀ ಭಾಳ ಖುಷಿ ಇದ್ದಿ, ಹೆಂಗ ಹೇಳ್ಲಿ?"

"ಖುಷಿ ನಂದು, ಕಲ್ಲು ನಿಂದು. ಛಲೋ ಪಾಲು ಮಾಡಿದಿ" ಎಂದೆ. ಅಂದಿನಿಂದ ಒಂದು ತಿಂಗಳು ನಾವು ಮಾತಾಡಲಿಲ್ಲ.

ಮುನ್ಶಿ ಕೆಟ್ಟವನಲ್ಲ. ಅದೇ ತೊಂದರೆ. "ನೀನೇ ಹೇಳಿದಿಯಲ್ಲಪಾ" ಎಂದ. ನಿಜ. "ನೀ ಮಜೂರ ಆಗ್ಬೇಕಂದ್ರ ಮುಂಜಾನಿ ಹಾಜರಿಗೆ ಸಾಲಿನಾಗ ನಿಂದ್ರಬೇಕು. ಭೋಂಗಾ ಆದಮ್ಯಾಲ ಎಣಿಕಿ ಮುಗಿಯೋತನ ಎಲ್ಲಾರೂ ನಿಂದ್ರತಾರ. ನಿಂದ್ರಲಾರದಾಂವ ಮಜೂರ ಹೆಂಗ? ಕಾಯ್ದೆ ನಂದಲ್ಲ." ಭೋಂಗಾ ಎಂದರೆ ಕೆಲಸ ಶುರುವಾಗುವಾಗ ಕೂಗುವ ಸೀಟಿ. ಹೆಸರಿನ ಜೊತೆ ಹಿಂದಿನ ದಿನದ ಕಲ್ಲನ್ನೂ ಬರೆದುಕೊಳ್ಳುವ ಎಣಿಕೆಗೆ ಅರ್ಧ ತಾಸು ಹಿಡಿಯುತ್ತದೆ. ಅಷ್ಟು ಹೊತ್ತು ನಿಂತರೆ ಆಮೇಲೆ ಇಡೀ ದಿನ ನನ್ನ ಸೊಂಟ ಏಳುವುದಿಲ್ಲ. ಕೂತು ಮಾಡುವ ಕೆಲಸಕ್ಕೆ ನಿಂತು ಹಾಜರಿ ಯಾಕೆ ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ ಎಂದ. ಅದನ್ನೇ ಉತ್ತರ ಎಂದುಕೊಂಡಿದ್ದ.

ಸಂಜೆ ಖಾಲಾಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು.

"ನನ್ನ ಮಂಡಿ ನೋಯ್ತಾವಲ್ಲ, ನಾ ಕುಂತು ನಮಾಜ್ ಮಾಡ್ತೀನಿ. ನೋಡಿಯಲ್ಲ?"

"ನೋಡೀನಿ ಖಾಲಾ."

"ನಾನೂ ಮಾಜೂರ್‌ನೇ. ನಂಗ ನಿಂದ್ರೂದು ಮಾಫ್ ಅದ. ನಮಾಜ್ ಮಾಫ್ ಅಂತ ಯಾರರೆ ಅಂದಾರೇನು? ಅನ್ಲಿ ನೋಡೋಣ." ಒಂದು ಕಲ್ಲು ಸಿಕ್ಕಿತು, ಬಾಗಿಲಾಚೆ ಎಸೆದರು. "ನಿನ್ನ ಮುನ್ಶಿ ಅರ್ಧಾ ಲಫ್ಜ್ ಓದ್ಯಾನ."

ಸೆಪ್ಟೆಂಬರ್ ೧೦, ಬುಧವಾರ. ಭೋಂಗಾ ಆಗುವ ಮೊದಲೇ ಖಣಿಗೆ ಹೋಗಿ, ಸಾಲಿನ ಕೊನೆಯಲ್ಲಿ ಒಂದು ಚಪ್ಪಡಿ ಹಾಕಿಕೊಂಡು ಕುಳಿತೆ. ಇಪ್ಪತ್ತಮೂರು ಹೆಸರು ಕೂಗಿಯಾಯಿತು. ಇಪ್ಪತ್ತನಾಲ್ಕನೆಯದು ಕೂಗಲಿಲ್ಲ. ನಾನೇ ಕೂಗಿದೆ: "ಶಿವಶರಣಪ್ಪ, ಹಾಜರ್."

ಜನ ನಕ್ಕರು. "ಗೌಡ್ರು ದರ್ಬಾರ್ ಮಾಡ್ಯಾರ" ಎಂದ ಒಬ್ಬ. ಮುನ್ಶಿ ಪುಸ್ತಕ ಮುಚ್ಚಿದ. ನಾನು ಛಪ್ಪರದ ಕೆಳಗೆ ಹೋಗಿ ಆ ದಿನದ ಒಂಬತ್ತು ಚಪ್ಪಡಿ ಕಡಿದು, ಈ ಸಲ ಅವುಗಳನ್ನು ತಂಡದ ಒಟ್ಟಿಲಿಗೆ ಸೇರಿಸದೆ ಬೇರೆ ಒಟ್ಟಿದೆ. ಪ್ರತಿಯೊಂದರ ಹಿಂಬದಿಗೆ ಇದ್ದಿಲಿನಿಂದ ಒಂದು ಚುಕ್ಕಿ ಇಟ್ಟೆ. ಶುಕ್ರವಾರದ ಜೋಳಕ್ಕೆ ಹೋಗಲಿಲ್ಲ. ಊರಿನಿಂದ ತಂದ ಹಿಟ್ಟು ಎಂದೋ ಮುಗಿದಿತ್ತು. ಓಣಿಯ ಬೀಸುವ ಕಲ್ಲುಗಳು ನನ್ನನ್ನು ಉಳಿಸಿದವು. ಒಂದು ಕಲ್ಲು ಕಟೆದರೆ ಎರಡು ದಿನದ ಹಿಟ್ಟು. ಮೊದಲು ಕರೆದವರು, ನನ್ನ ಮುಖ ನೋಡಬೇಕಲ್ಲ ಎಂದಿದ್ದ ನಾಲ್ವರಲ್ಲಿ ಒಬ್ಬರು. ಅವರ ಕಲ್ಲಿಗೆ ಭಾನುವಾರ ಬೆಳಿಗ್ಗೆ ಏಳಕ್ಕೇ ಹೋದೆ, ಬೇಕೆಂದೇ.

ದಿನವೂ ಒಂದೇ ಆಟ. ಇಪ್ಪತ್ತಮೂರು ಹೆಸರು, ಆಮೇಲೆ ನನ್ನದು ನಾನೇ. ಎರಡನೆಯ ವಾರ ನಗು ನಿಂತಿತು. ಮೂರನೆಯ ವಾರ ಯಾರೋ ನನ್ನ ಚಪ್ಪಡಿಯನ್ನು ಕದ್ದಿಟ್ಟರು. ನೆಲದ ಮೇಲೆ ಕುಳಿತೆ. ನಾಲ್ಕನೆಯ ವಾರ ಮುನ್ಶಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ "ಜಿದ್ದಿ ಬಿಡಪಾ, ನಿನ್ನ ಪಾಲಿನ ಜೋಳ ಹಂಗೇ ಇಟ್ಟೀನಿ" ಎಂದ.

"ಮುನ್ಶಿ ಸಾಹೇಬ್ರ, ನಿಂದ್ರೂದು ಮಾಫ್ ಮಾಡ್ರಿ, ಕೆಲಸ ಮಾಫ್ ಮಾಡಬ್ಯಾಡ್ರಿ. ನಿಮ್ಮ ಮಸೀದ್ಯಾಗ ಕುಂತು ಮಾಡಿದ್ದು ನಡೀತದ, ನಿಮ್ಮ ಖಣ್ಯಾಗ ನಡೆಯಂಗಿಲ್ಲೇನು?"

ಆ ದಿನ ಆತ ಪುಸ್ತಕ ಮುಚ್ಚುವಾಗ ಎಂದಿನಂತೆ ಸದ್ದು ಮಾಡಲಿಲ್ಲ.

ಇಪ್ಪತ್ತೇಳನೆಯ ಬೆಳಿಗ್ಗೆ, ಅಕ್ಟೋಬರ್ ೧೦, ಶುಕ್ರವಾರ. ಮುನ್ಶಿ ಮೊದಲ ಹೆಸರು ಕೂಗಿದ: ಹಣಮಂತ. ಹಣಮಂತ ಹೆಗಲ ಮೇಲಿನ ವಸ್ತ್ರ ಝಾಡಿಸಿ ನೆಲಕ್ಕೆ ಹಾಸಿ ಕುಳಿತ. "ಹಾಜರ್" ಎಂದ.

"ಏಳೋ, ಏನಾಯ್ತು ನಿನಗ?" ಎಂದ ಮುನ್ಶಿ.

"ಸೊಂಟ ನೋಯ್ತದರಿ. ಮೂವತ್ತು ವರ್ಷ ಕಲ್ಲು ಕಡಿದೀನಿ. ನಂಗೂ ಆ ಇನ್ನೊಂದು ಲಫ್ಜ್ ಬರೀರಿ ಬೇಕಾದ್ರ." ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದ: "ಮತ್ತ ಆ ಚುಕ್ಕಿ ಇಟ್ಟ ಕಲ್ಲು ನಮ್ಮವಲ್ಲ. ಹಿಂದಿನ ಐನೂರು ಚಿಲ್ಲರೆನೂ ನಮ್ಮವಲ್ಲ. ಆತನ ದಿನಚರಿ ವಹಿಯಾಗ ತಾರೀಖು ಸಮೇತ ಅವ."

ಹಾಗೆ ಹೇಳಿದ್ದರಿಂದ ಅವನ ತಂಡದ ಲೆಕ್ಕ ಇಳಿಯುತ್ತದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಬ್ಬಿಬ್ಬರು ಗೊಣಗಿದರು. ಶನಿವಾರ ಆರು ಮಂದಿ ಕುಳಿತರು. ಸೋಮವಾರ ಹನ್ನೊಂದು, ಅವರಲ್ಲಿ ಇಬ್ಬರು ಕೇವಲ ಸೋಮಾರಿಗಳು, ಅದನ್ನೂ ಬರೆದುಕೊಂಡಿದ್ದೇನೆ. ಅಕ್ಟೋಬರ್ ೧೪, ಮಂಗಳವಾರ, ಮುಂಜಾನೆ ಏಳು ಗಂಟೆ ಐದು ನಿಮಿಷಕ್ಕೆ ಮುನ್ಶಿ ಇಪ್ಪತ್ತನಾಲ್ಕನೆಯ ಹೆಸರು ಕೂಗಿದ.

"ಶಿವಶರಣಪ್ಪ."

ಇಪ್ಪತ್ತೊಂಬತ್ತು ಬೆಳಿಗ್ಗೆ ನಾನೇ ಕೂಗಿಕೊಂಡ ಹೆಸರನ್ನು ಮೂವತ್ತನೆಯ ಬೆಳಿಗ್ಗೆ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಯಾರದೋ ಎಂದು ತಿರುಗಿ ನೋಡಿದೆ. ಹಣಮಂತ ಮೊಣಕೈಯಿಂದ ತಿವಿದ. "ಏ ಶರಣಪ್ಪ, ಸತ್ತಿಯೇನು?"

"ಹಾಜರ್" ಎಂದೆ. ಕುಳಿತೇ.

ಪೂರ್ತಿ ಗೆದ್ದೆ ಎಂದು ಬರೆದರೆ ಸುಳ್ಳಾದೀತು. ಮುನ್ಶಿ ಹಳೆಯ ಪದವನ್ನು ಹೊಡೆದು ಹಾಕಲಿಲ್ಲ. ಪುಸ್ತಕದಲ್ಲಿ ಕಾಟು ಹಾಕುವಂತಿಲ್ಲವಂತೆ. ಮೇಲೊಂದು ಹೊಸ ಸಾಲು ತೆರೆದ. ಹಿಂದಿನ ಐನೂರ ಎಪ್ಪತ್ತೊಂದು ಚಪ್ಪಡಿಗಳು ಈಗಲೂ ಕೈಲಾಗದವನು ಕಡಿದವು. ಅದಕ್ಕೆ ಅರ್ಜಿ ಬರೆದಿದ್ದೇನೆ, ಉರ್ದುವಿನಲ್ಲಿ, ಸ್ವಂತ ಕೈಯಿಂದ. ಇದುವರೆಗೆ ಮೂರು ಅರ್ಜಿ, ಉತ್ತರ ಸೊನ್ನೆ.

ಅಣ್ಣ ಅಕ್ಟೋಬರ್ ೧೭ರಂದು, ಅಮಾವಾಸ್ಯೆಯ ಹಿಂದಿನ ದಿನವೇ ಬಂದ. ಖಣಿಗೆ ಕರೆದೊಯ್ದೆ. ಮುನ್ಶಿ ಅವನಿಗೆ ಕುರ್ಚಿ ಕೊಟ್ಟು, "ನಿಮ್ಮ ತಮ್ಮ ಊಟ ಸರಿಯಾಗಿ ಮಾಡ್ತಾನೇನ್ರಿ?" ಎಂದು ಅವನನ್ನು ಕೇಳಿದ. ಅಣ್ಣ ನನ್ನ ಕಡೆ ಬೆರಳು ಮಾಡಿದ. "ಅವನೇ ಅದಾನಲ್ಲ, ಅವನ್ನೇ ಕೇಳ್ರಿ" ಎಂದ. ಅದನ್ನು ದಿನಚರಿಯಲ್ಲಿ ಕೆಂಪು ಮಸಿಯಲ್ಲಿ ಬರೆದಿದ್ದೇನೆ.

ಪುಸ್ತಕ ತೋರಿಸಿದೆ. ಉರ್ದು ಶಾಲೆಯಲ್ಲಿ ಕಲಿತವನು, ಎರಡು ಸಾಲನ್ನೂ ಬೆರಳಿಟ್ಟು ಓದಿದ.

"ಎರಡು ಸಲ ಬರದಾರಲ್ಲೋ ನಿನ್ನ."

"ಹೌದು. ಕೆಳಗಿನಾಂವ ನಿನ್ನ ತಮ್ಮ. ಮ್ಯಾಲಿನಾಂವ ನಾನು."

ಅಣ್ಣ ನಗಲಿಲ್ಲ. ಆ ದಿನ ನನ್ನ ಕೋಣೆಯಲ್ಲಿ ನಾನೇ ಮಾಡಿದ ನಾಲ್ಕು ರೊಟ್ಟಿ ತಿಂದ. ಐದನೆಯದನ್ನು ಮುರಿಯುತ್ತ ಹೇಳಿದ: "ಈ ಸಲ ಹಿಂಗಾರಿ ಬಿತ್ತಿಗಿಗೆ ನೀ ಇರ್ಲಿಲ್ಲ. ಶಕುನ ಭಾಳ ಛಲೋ ಇತ್ತು. ಆದ್ರೂ ಹುಳ ಬಿತ್ತು."

"ಹುಳಕ್ಕ ಎರಡೂ ಕಾಲು ಛಲೋ ಇದ್ದಾವೇನೋ" ಎಂದೆ. ಆಗ ನಕ್ಕ. ಕೈ ಒರೆಸಿಕೊಂಡು, "ಬರೋ ವರ್ಷ ಬಾ. ಕೂರಿಗಿ ಮುಂದ ನೀನೇ ನಡಿ" ಎಂದ. "ಮಠದ ಕಟ್ಟಿ ಮ್ಯಾಲಿನ ಜಾಗಾ ಹಂಗೇ ಇಟ್ಟೀನಿ, ಬಿಟ್ಟುಕೊಡ್ಲೇನು?"

"ಬಿಡು. ದಣಿದವ್ರು ಯಾರರೆ ಕುಂದ್ರಲಿ."

ಕೂರಿಗೆಯ ಮಾತಿಗೆ ಮಾತ್ರ ಉತ್ತರ ಕೊಡಲಿಲ್ಲ, ಇನ್ನೂ ಕೊಟ್ಟಿಲ್ಲ. ಹೋಗಬೇಕೆನಿಸುತ್ತದೆ. ಹದಿನೇಳು ಗೀರುಗಳಿರುವ ಆ ಗೋಡೆಯನ್ನು ಹೊರಗಿನಿಂದ ನೋಡಬೇಕೆನಿಸುತ್ತದೆ. ಆದರೆ ಆ ಮಣ್ಣಿನಲ್ಲಿ ನನ್ನ ಸದ್ದು ಕೇಳಿಸುವುದಿಲ್ಲ, ಈ ಕಲ್ಲಿಗೆ ಮಳೆ ಬಿದ್ದರೆ ಮಣ್ಣಿನ ವಾಸನೆ ಬರುವುದಿಲ್ಲ. ಊರಿನವರಿಗೆ ನಾನು ಶಹಾಬಾದಿಗೆ ಹೋದವನು, ಇಲ್ಲಿನವರಿಗೆ ಇವತ್ತಿಗೂ ಚಿಂಚೋಳಿ. ಕಳೆದ ವಾರದ ಲೆಕ್ಕ: ಲಂಗಡ್ಯಾ ಆರು, ಕುಂಟ ಎರಡು, ಚಿಂಚೋಳಿ ಮೂವತ್ತು, ಹೆಸರು ಹತ್ತೊಂಬತ್ತು.

ಮೊನ್ನೆ ಗುರುವಾರದಿಂದ ಸಾಲಿನ ಕೊನೆಯಲ್ಲಿ 'ಇಪ್ಪತ್ತೈದನೆಯ ಹಾಜರ್' ಕೇಳಿಸುತ್ತಿದೆ. ಅದು ಗಂಗಮ್ಮನ ದನಿ. ಎಡಗೈಯಿಂದ ಗುಣ್ಯಾ ಹಿಡಿದು ಮೂಲೆ ಪರೀಕ್ಷಿಸುವುದರಲ್ಲಿ ಆಕೆಯನ್ನು ಮೀರಿಸುವವರಿಲ್ಲ. ಮುನ್ಶಿ ಇನ್ನೂ ಬರೆದುಕೊಂಡಿಲ್ಲ. ಮೂರು ಬೆಳಿಗ್ಗೆಯಷ್ಟೇ ಆಗಿದೆ. ಮೂವತ್ತರ ಲೆಕ್ಕ ಆಕೆಗೆ ಹೇಳಿದ್ದೇನೆ.

ಕೊನೆಗೆ ಒಂದು ಕೋರಿಕೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಕಾಲು, ಕೈ, ಕಣ್ಣು, ಕಿವಿ ಸರಿಯಿಲ್ಲದೆಯೂ ಸ್ವಂತ ಕೋಣೆಯಲ್ಲಿದ್ದು ಸ್ವಂತ ದುಡಿಮೆಯಿಂದ ಬದುಕುತ್ತಿರುವವರ ಪಟ್ಟಿಯೊಂದನ್ನು ಮಾಡುತ್ತಿದ್ದೇನೆ. ಇದುವರೆಗೆ ಏಳು ಮಂದಿ ಸಿಕ್ಕಿದ್ದಾರೆ. ಇನ್ನೂ ಇದ್ದಾರೆ ಎಂದು ನನಗೆ ಗೊತ್ತು. ಮೇವಿನ ಕೋಣೆಗಳಲ್ಲಿ ಇನ್ನೂ ಕುಳಿತವರು ಎಷ್ಟೋ ಮಂದಿ ಇದ್ದಾರೆ ಎಂದೂ ಗೊತ್ತು. ಯಾವುದಾದರೂ ಹಾಜರಿ ಪುಸ್ತಕದಲ್ಲಿ ಕುಳಿತವರ ಹೆಸರು ಬರೆದುಕೊಳ್ಳುವ ಪದ್ಧತಿ ನನಗಿಂತ ಮೊದಲೇ ಇದ್ದರೆ ಅದನ್ನೂ ತಿಳಿಸಿ, ನಾಲ್ಕನೆಯ ಅರ್ಜಿಗೆ ಬೇಕು. ಗೊತ್ತಿದ್ದವರು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಬರೆಯುವಾಗ ಕುಂಟ, ಕುರುಡ, ಮೂಗಿ ಎಂದು ಬರೆಯಬೇಡಿ. ಅವರ ಹೆಸರು ಬರೆಯಿರಿ. ಗೊತ್ತಿಲ್ಲದಿದ್ದರೆ ಹೋಗಿ ಕೇಳಿ, ಆಮೇಲೆ ಬರೆಯಿರಿ.